ಸಾವರಿನ್ ಆಫ್ ದಿ ಸೀಸ್: ಸೆರ್ಗಾಲ್‌ನ 1:78 ಮರದ ಕಿಟ್ ಕೊಳ್ಳಬಹುದೇ?

ಮೊದಲೇ ಹೇಳಿಬಿಡುವುದು ಒಳ್ಳೆಯದು: ಹಡಗಿನ ಮಾದರಿ ಕಟ್ಟುವುದನ್ನು ಈಗಷ್ಟೇ ಶುರು ಮಾಡುವವರು ಇದಕ್ಕೆ ಕೈ ಹಾಕಬಾರದು. ಒಂದೆರಡು ಸಣ್ಣ ಮಾದರಿಗಳಿಗೆ ಹಲಗೆ ಹೊದಿಸಿ ಕೈ ಪಳಗಿದವರಿಗೆ ಮಾತ್ರ ಇಟಲಿಯ ಸೆರ್ಗಾಲ್ ಹೆಸರಿನಲ್ಲಿ ಬರುವ ಈ ಕಿಟ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಪೆಟ್ಟಿಗೆಯಲ್ಲಿ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಅಂಟಿಸಿದರೆ ಸಿಗುವುದು ಷೋಕೇಸಿನ ಹಡಗು, 1637ರ ಹಡಗಲ್ಲ.

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆ ಕಟ್ಟಿಸಿದ ಯುದ್ಧನೌಕೆ ಇದು. ಫಿನಿಯಸ್ ಪೆಟ್ ವಿನ್ಯಾಸ ಮಾಡಿದ, ಮಗ ಪೀಟರ್ ವುಲಿಚ್ ಹಡಗುಕಟ್ಟೆಯಲ್ಲಿ ಕಟ್ಟಿದ, 1637ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. 90 ತೋಪು ಸಾಕೆಂದಿದ್ದ ಲೆಕ್ಕವನ್ನು ದೊರೆಯೇ 102ಕ್ಕೆ ಏರಿಸಿದ. ಒಟ್ಟು ಖರ್ಚು 65,586 ಪೌಂಡ್. ಅದರಲ್ಲಿ ಚಿನ್ನದ ಲೇಪಕ್ಕೇ 6,691 ಪೌಂಡ್; ಆ ಹಣದಲ್ಲಿ ಆಗ ಇನ್ನೊಂದು ಸಾಧಾರಣ ಯುದ್ಧನೌಕೆಯೇ ಬರುತ್ತಿತ್ತು! ಡಚ್ಚರು ಇದನ್ನು 'ಚಿನ್ನದ ದೆವ್ವ' ಎಂದು ಕರೆದದ್ದು ಸುಮ್ಮನೆ ಅಲ್ಲ. ಹಾಗಾಗಿ ಈ ಕಿಟ್‌ನ ಸೋಲುಗೆಲುವು ನಿರ್ಧಾರವಾಗುವುದು ಕೆತ್ತನೆಯ ತುಂಡುಗಳಲ್ಲೇ.

ಪೆಟ್ಟಿಗೆ ಬಿಚ್ಚಿದ ಕೂಡಲೇ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಅಸಲಿ ಹಡಗಿನ ಕೀಲ್ (ತಳದ ಬೆನ್ನೆಲುಬಿನಂಥ ಉದ್ದದ ಮರ) 127 ಅಡಿ, ಅಗಲ 46 ಅಡಿ 6 ಅಂಗುಲ. 1:78ರಲ್ಲಿ, ಅಂದರೆ ಅಸಲಿಯ 78ರಲ್ಲೊಂದು ಪಾಲಿನ ಅಳತೆಯಲ್ಲಿ, ಅದು 49.6 ಸೆಂ.ಮೀ. ಮತ್ತು 18.2 ಸೆಂ.ಮೀ. ಆಗಬೇಕು. ಹಲಗೆಯ ದಪ್ಪದಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಪ್ಲೈವುಡ್ ಕೀಲ್ ಸೊಟ್ಟಗಿದೆಯೇ ಎಂದು ಗಾಜಿನ ಮೇಲಿಟ್ಟು ಪರೀಕ್ಷಿಸಿ. ಮಳೆಗಾಲದ ತೇವಕ್ಕೆ ತೆಳು ಪ್ಲೈ ಬಾಗುತ್ತದೆ. ಸಮತಟ್ಟಾದ ಎರಡು ಹಲಗೆಗಳ ನಡುವೆ ಒಂದು ವಾರ ಭಾರ ಹೇರಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಮುಂದೆ ಹೋಗಬೇಡಿ. ಆ ಸೊಟ್ಟು ಕೂವೆಯ (ಪಟ ಕಟ್ಟುವ ಎತ್ತರದ ಕಂಬ) ತುದಿಯಲ್ಲಿ ಹತ್ತು ಪಟ್ಟಾಗಿ ಕಾಣಿಸುತ್ತದೆ.

ಒಡಲಿಗೆ ಎರಡು ಪದರದ ಹಲಗೆ. ಮೊದಲ ಪದರ ಹೊದಿಸುವ ಮುನ್ನ ಅಡ್ಡಚೌಕಟ್ಟುಗಳ ಅಂಚನ್ನು ಉಪ್ಪುಕಾಗದದಿಂದ ಓರೆಯಾಗಿ ಉಜ್ಜಬೇಕು. ಪಟ್ಟಿ ಬರೀ ಮೂಲೆಗೆ ತಾಗದೆ ಅಂಚಿನ ಪೂರ್ತಿ ಅಗಲಕ್ಕೆ ಕೂರಬೇಕು. ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಸರದಿಯಲ್ಲೇ ಅಂಟಿಸಿ. ಒಂದೇ ಬದಿಯನ್ನು ಮುಗಿಸಿಬಿಟ್ಟರೆ ಒಡಲು ಆ ಕಡೆಗೆ ತಿರುಚಿಕೊಳ್ಳುತ್ತದೆ. ಫೆವಿಕಾಲ್ ಸಾಕು. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ತಪ್ಪು ತಿದ್ದಲು ಬಿಡುವುದಿಲ್ಲ, ಎರಡನೇ ಪದರಕ್ಕೆ ಸೋರಿದರೆ ಬಣ್ಣ ಹೀರದ ಕಲೆಯನ್ನೂ ಉಳಿಸುತ್ತದೆ. ಹಡಗಿನ ಮುಂತುದಿಯಾದ ಮೂತಿಯ ಕಡೆ ಪಟ್ಟಿಗಳು ಒಂದರ ಮೇಲೊಂದು ಹತ್ತತೊಡಗಿದರೆ ಒತ್ತಿ ಕೂರಿಸಬೇಡಿ, ಅಗಲವನ್ನು ಹೆರೆದು ಕಿರಿದು ಮಾಡಿ. ಆದರೂ ಪಟ್ಟಿಯ ತುದಿ ಮೂಲ ಅಗಲದ ಅರ್ಧಕ್ಕಿಂತ ಕಿರಿದಾಗದಿರಲಿ.

ಹೆಚ್ಚಿನವರು ಎಡವುವುದು ತೋಪಿನ ಕಿಂಡಿಗಳಲ್ಲಿ. ಒಡಲಿನ ಉದ್ದಕ್ಕೂ ಹೊರಗೆ ಉಬ್ಬಿ ನಿಲ್ಲುವ ದಪ್ಪ ಪಟ್ಟಿಗಳು ಹಿಂದಕ್ಕೆ ಹೋದಂತೆ ಮೇಲೇರುತ್ತವೆ. ಒಳಗಿನ ತೋಪಿನ ಅಟ್ಟ ಅಷ್ಟು ಬಾಗಿರುವುದಿಲ್ಲ. ಆ ಕಾಲದ ಇಂಗ್ಲಿಷ್ ಹಡಗುಗಳಲ್ಲಿ ಕಿಂಡಿಗಳು ಈ ಪಟ್ಟಿಗಳನ್ನೇ ಕತ್ತರಿಸಿಕೊಂಡು ಹೋಗುತ್ತಿದ್ದವು. ನೋಡಲು ಅಂದವೆಂದು ಕಿಂಡಿಗಳನ್ನು ಪಟ್ಟಿಯ ಜೊತೆಗೇ ಮೇಲೇರಿಸಿದರೆ ಹಿಂಬದಿಯ ತೋಪುಗಳು ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ಮೊದಲು ಅಟ್ಟದ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದುಕೊಂಡು, ಅದರಿಂದ ಒಂದೇ ಎತ್ತರಕ್ಕೆ ಕಿಂಡಿ ಗುರುತಿಸಿ. ತೋಪುಗಳಿಗೆ ಕಪ್ಪು ಬಳಿಯಬೇಡಿ. ಈ ಹಡಗಿನವು ಕಬ್ಬಿಣದವಲ್ಲ, ಕಂಚಿನವು.

ಅಲಂಕಾರಗಳು ಎರಕದ ಲೋಹದವು. ಏಳು ರಾಜರನ್ನು ತುಳಿಯುತ್ತಿರುವ ಕುದುರೆಯೇರಿದ ಎಡ್ಗರ್ ದೊರೆಯ ಮೂತಿಬೊಂಬೆಯೊಂದಕ್ಕೇ ಒಂದು ಸಂಜೆ ಬೇಕು. ಅಚ್ಚಿನ ಅಂಚಿನಲ್ಲಿ ಉಳಿದ ತೆಳು ರೇಕನ್ನು ಸಣ್ಣ ಅರದಿಂದ ತೆಗೆದು, ಸೋಪು ನೀರಿನಲ್ಲಿ ಹಳೆ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ಪ್ರೈಮರ್ ಹೊಡೆದು ಆಮೇಲೆ ಚಿನ್ನದ ಬಣ್ಣ. ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಹಿಂಬದಿಯ ಬಾಗಿಗೆ ಹೊಂದಿಸಲು ಉದ್ದದ ತುಂಡುಗಳನ್ನು ದುಂಡು ಕೋಲಿನ ಮೇಲಿಟ್ಟು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತಿ. ಹಿಂದೆ ಮುಂದೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತವೆ. ಬೆಂಕಿಗೆ ಹಿಡಿಯಲೇಬೇಡಿ, ಕರಗಿಹೋಗಬಹುದು. ಅಂಟಿಸಲು ಎಪಾಕ್ಸಿಯೇ ಆಗಬೇಕು, ಲೋಹಕ್ಕೆ ಫೆವಿಕಾಲ್ ನಿಲ್ಲುವುದಿಲ್ಲ.

ಕೆತ್ತನೆಯ ಹಿನ್ನೆಲೆಗೆ ನೀಲಿ ಬಳಿದ ಮಾದರಿಗಳನ್ನು ಬಹಳ ಕಡೆ ನೋಡುತ್ತೇವೆ. ಕೆತ್ತನೆಯ ವಿನ್ಯಾಸ ಚಿತ್ರಕಾರ ವ್ಯಾನ್ ಡೈಕ್‌ನದು, ದೊರೆ ಒಪ್ಪಿದ್ದು ಕಪ್ಪು ಮತ್ತು ಚಿನ್ನ, ಅಷ್ಟೇ. ಕಪ್ಪು ಬಳಿದು ನೋಡಿ, ಅದೇ ಕೆತ್ತನೆ ಎದ್ದು ಬರುತ್ತದೆ. ನೀರಿನ ಗೆರೆಯ ಕೆಳಗೆ ತಾಮ್ರದ ತಗಡು ಬೇಡ, ಅದು ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಗೆ ಮಾಸಲು ಬಿಳಿ ಸರಿ. ಅಟ್ಟದ ಮೇಲೆ ಚುಕ್ಕಾಣಿ ಚಕ್ರವನ್ನು ಕೂರಿಸುವುದೂ ತಪ್ಪು.

ಹಗ್ಗದ ಕೆಲಸಕ್ಕೆ ಕಿಟ್‌ನ ದಾರದ ಮೇಲೆ ನೆಚ್ಚಿಕೊಳ್ಳಬೇಡಿ. ನಾರು ಎದ್ದಿದ್ದರೆ ಒಳ್ಳೆಯ ಪಾಲಿಯೆಸ್ಟರ್ ದಾರಕ್ಕೆ ಬದಲಿಸಿ ಜೇನುಮೇಣ ಎಳೆಯಿರಿ. ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳ ನಡುವೆ 5 ಮಿ.ಮೀ. ಅಂತರ ಬಿಟ್ಟರೆ ಅಸಲಿಯ ಸುಮಾರು 15 ಅಂಗುಲಕ್ಕೆ ಸಮ. ಗೆರೆ ಎಳೆದ ರಟ್ಟನ್ನು ಹಿಂದಿಟ್ಟುಕೊಂಡು ಗಂಟು ಹಾಕಿ. ಬಿಗಿಯಾಗಿ ಎಳೆದರೆ ಎರಡೂ ಅಂಚಿನ ಹಗ್ಗಗಳು ನಡುವಿಗೆ ಸೆಳೆದುಕೊಂಡು ಸೊಂಟ ಸಣ್ಣಗಾಗುತ್ತದೆ, ಬಿಚ್ಚಿ ಮತ್ತೆ ಕಟ್ಟದೆ ಬೇರೆ ದಾರಿಯಿಲ್ಲ. ಮುಂದಿನ ಮತ್ತು ನಡುವಿನ ಕೂವೆಗಳಲ್ಲಿ ಒಂದರ ಮೇಲೊಂದು ನಾಲ್ಕು ಪಟ ಇರಬೇಕು; ಆ ಕಾಲದ ಜಾನ್ ಪೇನ್ ಮಾಡಿದ ಈ ಹಡಗಿನ ಕೆತ್ತನೆ ಚಿತ್ರದಲ್ಲಿ ಇದು ಸ್ಪಷ್ಟವಾಗಿದೆ, ಅದರ ಪ್ರತಿಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂರಿ. ಮೂತಿಯ ಕಂಬಕ್ಕೆ ಮುಕ್ಕೋನದ ಜಿಬ್ ಪಟ ಕಟ್ಟಬೇಡಿ. ಕೊನೆಗೆ ಬಾವುಟ: ಬಿಳಿ ಕರ್ಣಗಳ ಒಳಗೆ ಕೆಂಪು ಕರ್ಣರೇಖೆ ಇದ್ದರೆ ಅದು 1801ರ ನಂತರದ್ದು, ತೆಗೆದು ಪಕ್ಕಕ್ಕಿಡಿ.