ಪದವಿಯಿಲ್ಲದೆ ಜಪಾನಿನಲ್ಲಿ ಇಂಗ್ಲಿಷ್ ಪಾಠ: ಯಾವ ವೀಸಾ ಯಾರಿಗೆ?

ಜಪಾನಿನ ಶಾಲೆಗಳಿಗೆ ಬೋಧಕರನ್ನು ಕರೆಸಿಕೊಳ್ಳುವ ಜೆಟ್ ಯೋಜನೆಯು ಪದವಿಯನ್ನು ಕಡ್ಡಾಯ ಮಾಡಿರುವುದರಿಂದ, ಪದವಿಯಿಲ್ಲದವರು ಹೆಚ್ಚಾಗಿ ನೋಡುವುದು ವರ್ಕಿಂಗ್ ಹಾಲಿಡೇ ವೀಸಾ (ರಜೆ ಕಳೆಯುತ್ತಲೇ ದುಡಿಯಲೂ ಬಿಡುವ ವೀಸಾ) ಅಥವಾ ವಿದ್ಯಾರ್ಥಿ ವೀಸಾದ ಕಡೆಗೆ.

ಅರ್ಹತೆಯಲ್ಲೇ ದೊಡ್ಡ ಅಂತರವಿದೆ. ಮೊದಲನೆಯದು ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್‌ನಂತಹ ಒಪ್ಪಂದವಿರುವ ದೇಶಗಳ, ಸಾಮಾನ್ಯವಾಗಿ 18ರಿಂದ 30 ವರ್ಷದೊಳಗಿನ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ಅದು ಸಿಗದು, ಆಸ್ಟ್ರೇಲಿಯಾದ ಪೌರತ್ವವಿರುವ ಅವರ ಮಕ್ಕಳಿಗೆ ಸಿಗಬಹುದು.

ದುಡಿಮೆಯ ವಿಷಯದಲ್ಲಿ ವರ್ಕಿಂಗ್ ಹಾಲಿಡೇ ಸಡಿಲವಾದದ್ದು, ಅದರಲ್ಲಿ ವಾರದ ಗಂಟೆಗಳ ಮಿತಿಯಿಲ್ಲ. ವಿದ್ಯಾರ್ಥಿಯಾದರೋ ಪ್ರತ್ಯೇಕ ಅನುಮತಿ ಪಡೆದು, ಜಪಾನಿನಲ್ಲಿ ನೆಲೆಸುವ ವಿದೇಶಿಯರಿಗೆ ಕೊಡುವ ನಿವಾಸ ಕಾರ್ಡಿನ ಹಿಂಬದಿಯಲ್ಲಿ ಅದು ನಮೂದಾದ ಮೇಲಷ್ಟೇ ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಮಿತಿ ಮೀರಿದರೆ ವೀಸಾ ನವೀಕರಣಕ್ಕೇ ಕುತ್ತು ಬರುವುದರಿಂದ, ಎರಡು ಕಡೆ ಪಾಠ ಹೇಳುವವರು ಗಂಟೆಗಳನ್ನು ಕೂಡಿಸಿಯೇ ಲೆಕ್ಕವಿಡಬೇಕು.

ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಸೇರುವ ಜಪಾನಿ ಭಾಷಾಶಾಲೆಯ ಶುಲ್ಕ ವರ್ಷಕ್ಕೆ ಸುಮಾರು 7ರಿಂದ 8 ಲಕ್ಷ ಯೆನ್ ಆಗುತ್ತದೆ. ಅದನ್ನು ಅರೆಕಾಲಿಕ ಪಾಠಗಳ ಸಂಪಾದನೆಯಿಂದಲೇ ಕಟ್ಟುವೆನೆಂದು ನಂಬಿ ದಯವಿಟ್ಟು ಯಾರೂ ಹೊರಡಬಾರದು. ಕೈಯಲ್ಲಿ ಉಳಿತಾಯವಿದ್ದು, ಜಪಾನಿ ಭಾಷೆಯನ್ನೂ ಕಲಿಯಬೇಕೆನ್ನುವವರಿಗೆ ಈ ದಾರಿ ಒಪ್ಪುತ್ತದೆ. ಒಂದು ವರ್ಷ ಪೂರ್ಣಾವಧಿ ಬೋಧಿಸಿ, ಈ ವೃತ್ತಿ ತಮಗೆ ಒಗ್ಗುವುದೇ ಎಂದು ನೋಡಬಯಸುವ ಅರ್ಹ ದೇಶದ ಯುವಜನರಿಗೆ ವರ್ಕಿಂಗ್ ಹಾಲಿಡೇ ಹೊಂದುತ್ತದೆ.