ವಾರಂಟಿ ನಂಬಿ ಮಡಚುವ ಚಾಕುವನ್ನು ದುರಸ್ತಿಗೆ ಕಳುಹಿಸುವ ಮುನ್ನ ಇದನ್ನು ಓದಿ

ಮಡಚುವ ಚಾಕುವಿನ ಲಾಕ್ ಜಾರುತ್ತಿದೆಯೆಂದು ಅದನ್ನು ವಾರಂಟಿ ಸೇವೆಗೆ ಕಳುಹಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಕಳುಹಿಸಿ. ದುರಸ್ತಿಯಾಗಿ ಹಿಂತಿರುಗಿದ ಚಾಕುವಿನ ಕೀಲಿನ ಸ್ಕ್ರೂವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕಂಪನಿಯವರೇ "ನೀವೇ ಸ್ವಲ್ಪ ಸಡಿಲಿಸಿಕೊಳ್ಳಿ" ಎಂದು ಲಿಖಿತವಾಗಿ ತಿಳಿಸಿದರೂ ಮುಟ್ಟಬೇಡಿ. ನನಗೆ ಹಾಗೆಯೇ ತಿಳಿಸಿದರು, ನಾನು ಹಾಗೆಯೇ ಮಾಡಿದೆ. ಕೊನೆಗೆ ಅದೇ ಸ್ಕ್ರೂವಿನ ಫೋಟೊ ತೆಗೆದು ನನಗೇ ಕಳುಹಿಸಿ, ಗ್ರಾಹಕರು ಚಾಕುವನ್ನು ಬಿಚ್ಚಿದ್ದಾರೆ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದರು. ದೂರು ಇನ್ನೂ ಇತ್ಯರ್ಥವಾಗದ ಕಾರಣ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಅವರು ನಡೆದುಕೊಂಡ ರೀತಿಯನ್ನು ಬರೆಯದೆ ಇರಲಾರೆ.

ದೋಷ ಏನಿತ್ತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಆಟವೆಲ್ಲ ಅದರ ಸುತ್ತಲೇ ನಡೆಯಿತು. ನನ್ನದು ಲೈನರ್ ಲಾಕ್ ಇರುವ ಚಾಕು. ಹಿಡಿಯ ಒಳಗಿನ ತೆಳು ತಗಡಿನಲ್ಲಿಯೇ ಒಂದು ಪಟ್ಟಿಯನ್ನು ಸೀಳಿ, ಅದು ಸ್ಪ್ರಿಂಗ್ ಆಗಿ ಕೆಲಸ ಮಾಡುವ ಹಾಗೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದುಕೊಂಡಾಗ ಆ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಹಿಂದಿನಿಂದ ಆನಿಕೊಂಡು ನಿಲ್ಲುತ್ತದೆ, ಹೆಬ್ಬೆರಳಿನಿಂದ ಅದನ್ನು ಬದಿಗೆ ತಳ್ಳದ ಹೊರತು ಅಲಗು ಮಡಚಿಕೊಳ್ಳಬಾರದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ ಇದಕ್ಕೆ ಈಗಿನ ರೂಪ ಕೊಟ್ಟರು. ಅಂದಿನಿಂದ ಲೆಕ್ಕವಿಲ್ಲದಷ್ಟು ತಯಾರಕರು ಇದನ್ನೇ ಬಳಸುತ್ತಿದ್ದಾರೆ. ಸೇವಾ ಕೇಂದ್ರದವರಿಗೆ ಅರ್ಥವಾಗದಂತಹ ವಿದ್ಯೆಯೇನೂ ಇದರಲ್ಲಿಲ್ಲ. ಪಟ್ಟಿಯ ತುದಿ ತಾಗುವ ಕಡೆ ಅಲಗಿನ ಬುಡವನ್ನು ಸಾಮಾನ್ಯವಾಗಿ 7ರಿಂದ 10 ಡಿಗ್ರಿಗಳಷ್ಟು ಓರೆಯಾಗಿ ಕತ್ತರಿಸುತ್ತಾರೆ. ಈ ಓರೆ ಹೆಚ್ಚಾದರೆ ಅಥವಾ ಎರಡರ ಮೇಲ್ಮೈ ಸರಿಯಾಗಿ ಹೊಂದಿಕೊಳ್ಳದಿದ್ದರೆ, ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದೊಡನೆ ಪಟ್ಟಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಜಾರುತ್ತದೆ, ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಇದು ಕೀಲಿನ ಸ್ಕ್ರೂವಿನಿಂದ ಬರುವ ದೋಷವಲ್ಲ. ಸ್ಕ್ರೂ ಬಿಗಿ ಮಾಡಿ ಹೋಗಲಾಡಿಸಬಹುದಾದ ದೋಷವೂ ಅಲ್ಲ. ಈ ಮಾತನ್ನು ಅವರಿಗೆ ಎಷ್ಟು ಸಲ ಹೇಳಿದೆನೋ ನನಗೇ ನೆನಪಿಲ್ಲ.

ಚಾಕು ಇನ್ನೂ ಹೊಸದಾಗಿದ್ದಾಗಲೇ ಇದು ಗೊತ್ತಾಯಿತು. ದಪ್ಪ ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತರಿಸುತ್ತಿದ್ದಾಗ ಮೊನೆ ಒಳಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದಾಗ ಟಕ್ಕೆಂದು ಪಟ್ಟಿ ಜಾರಿ, ಅಲಗು ತೋರುಬೆರಳಿನ ಮೇಲೆ ಮಡಚಿಕೊಂಡಿತು. ಅಲಗಿನ ಬುಡದಲ್ಲಿ ಸಾಣೆ ಹಿಡಿಯದೆ ಬಿಟ್ಟಿರುವ ಮೊಂಡು ಭಾಗ ಬೆರಳಿಗೆ ಮೊದಲು ತಾಗಿದ್ದರಿಂದ ಗೆಣ್ಣಿನ ಮೇಲೆ ಕೆಂಪು ಗೆರೆ ಮೂಡಿದ್ದಷ್ಟೇ ಆಯಿತು. ಬೆರಳು ಇನ್ನೊಂದಿಷ್ಟು ಮುಂದಿದ್ದಿದ್ದರೆ ಹೊಲಿಗೆ ಹಾಕಿಸಿಕೊಳ್ಳಬೇಕಾಗುತ್ತಿತ್ತು. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ ಪಟ್ಟಿಯ ತುದಿ ಅಲಗಿನ ಬುಡದ ಅಂಚನ್ನು ಮಾತ್ರ ಹಿಡಿದುಕೊಂಡಿತ್ತು. ಬೆರಳುಗಳನ್ನೆಲ್ಲ ಅಲಗಿನ ದಾರಿಯಿಂದ ದೂರ ಇಟ್ಟು ಬೆನ್ನನ್ನು ಮೆಲ್ಲಗೆ ಒತ್ತಿದರೂ ಅದು ಹಿಂದಕ್ಕೆ ಸರಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಅದನ್ನೇ ವಿಡಿಯೊ ಮಾಡಿ, ರಶೀದಿಯೊಂದಿಗೆ ಕಂಪನಿಗೆ ಕಳುಹಿಸಿದೆ.

ಮೊದಲ ಉತ್ತರ ಬಹಳ ಸೊಗಸಾಗಿಯೇ ಇತ್ತು. "ಮಾನ್ಯ ಗ್ರಾಹಕರೇ, ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ತಯಾರಿಕಾ ದೋಷಗಳಿಗೆ ನಮ್ಮ ಎಲ್ಲ ಚಾಕುಗಳ ಮೇಲೆ ಜೀವಿತಾವಧಿಯ ವಾರಂಟಿ ಇದೆ. ದಯವಿಟ್ಟು ಉತ್ಪನ್ನವನ್ನು ನಮ್ಮ ಸೇವಾ ಕೇಂದ್ರಕ್ಕೆ ಕಳುಹಿಸಿಕೊಡಿ." ಎರಡೂ ಕಡೆಯ ಸಾಗಣೆ ವೆಚ್ಚ ಗ್ರಾಹಕರದೇ ಎಂಬುದು ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು, ಇರಲಿ ಎಂದುಕೊಂಡೆ. ಹರಿತವಾದ ವಸ್ತು ಎಂದೊಡನೆ ಕೊರಿಯರ್‌ನವರು ಹಿಂದೆಮುಂದೆ ನೋಡುತ್ತಾರೆ, ಅದು ಬೇರೆಯೇ ಕಥೆ. ಅಲಗು ತೆರೆದುಕೊಳ್ಳದಂತೆ ಟೇಪ್ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ಒಳಗೇನಿದೆ ಎಂದು ಬರೆದುಕೊಟ್ಟು ಕಳುಹಿಸಿದೆ. "ಲಾಕ್ ಪಟ್ಟಿ ಹಿಂದಕ್ಕೆ ಜಾರುತ್ತಿದೆ, ಅಲಗಿನ ಬುಡದ ಓರೆಯನ್ನು ಪರಿಶೀಲಿಸಿ" ಎಂಬ ಚೀಟಿಯನ್ನೂ ಒಳಗಿಟ್ಟಿದ್ದೆ.

ಚಾಕು ಹಿಂತಿರುಗಿತು. ಜೊತೆಗಿದ್ದ ಅವರ ಚೀಟಿಯಲ್ಲಿ "ದೋಷ ಸರಿಪಡಿಸಲಾಗಿದೆ, ಪರೀಕ್ಷಿಸಲಾಗಿದೆ" ಎಂದು ಮುದ್ರೆ ಒತ್ತಿದ್ದರು. ಅಲಗು ತೆರೆದು ಬೆನ್ನನ್ನು ಒತ್ತಿ ನೋಡಿದೆ, ಜಾರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂದೇ ಅವರಿಗೆ ಧನ್ಯವಾದದ ಪತ್ರ ಬರೆದೆ, ಐದು ನಕ್ಷತ್ರಗಳನ್ನೂ ಕೊಟ್ಟೆ, ಪರಿಚಯದವರಿಗೆಲ್ಲ ಸೇವೆ ಎಂದರೆ ಹೀಗಿರಬೇಕು ಎಂದು ಹೇಳಿಕೊಂಡು ತಿರುಗಿದೆ. ಆ ಮಾತು ಕೇಳಿ ಒಬ್ಬ ಸ್ನೇಹಿತರು ಅದೇ ಕಂಪನಿಯ ಚಾಕು ಕೊಂಡಿದ್ದಾರೆ. ಈಗ ಅವರ ಮುಂದೆ ಈ ವಿಷಯ ಎತ್ತಲು ನನಗೆ ನಾಚಿಕೆಯಾಗುತ್ತದೆ.

ಒಂದೇ ತೊಂದರೆಯೆಂದರೆ ಅಲಗು ಬಹಳ ಬಿಗಿಯಾಗಿತ್ತು. ಒಂದೇ ಕೈಯಲ್ಲಿ ಹೆಬ್ಬೆರಳಿನಿಂದ ತೆರೆಯಬೇಕಾದ ಚಾಕುವನ್ನು ಎರಡು ಕೈಗಳಿಂದ ಹಿಡಿದೆಳೆದು ತೆರೆಯಬೇಕಾಗುತ್ತಿತ್ತು, ಮುಚ್ಚುವಾಗಲೂ ಅದೇ ಪಾಡು. ಹರಿತವಾದ ಅಲಗನ್ನು ಬಲ ಹಾಕಿ ಮುಚ್ಚುವುದು ಎಷ್ಟು ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಮತ್ತೆ ಬರೆದೆ. ಬಿಚ್ಚಿದರೆ ವಾರಂಟಿ ರದ್ದು ಎಂಬ ಷರತ್ತು ಇರುವುದನ್ನು ನಾನೇ ನೆನಪಿಸಿ, ಸ್ಕ್ರೂವನ್ನು ನಾನು ಮುಟ್ಟಬಹುದೇ ಅಥವಾ ಚಾಕುವನ್ನು ಮತ್ತೆ ಕಳುಹಿಸಬೇಕೇ ಎಂದು ನೇರವಾಗಿ ಕೇಳಿದೆ. ಬಂದ ಉತ್ತರವನ್ನು ಹಾಗೆಯೇ ಕೊಡುತ್ತೇನೆ: "ದುರಸ್ತಿಯ ನಂತರ ಕೀಲು ಬಿಗಿಯಾಗಿರುವುದು ಸಹಜ. ಟಿ8 ಟಾರ್ಕ್ಸ್ ಬಿಟ್‌ ಬಳಸಿ ತಮ್ಮ ಅನುಕೂಲಕ್ಕೆ ತಕ್ಕಂತೆ ಕೀಲಿನ ಸ್ಕ್ರೂವನ್ನು ಸಡಿಲಿಸಿಕೊಳ್ಳಬಹುದು. ಇದರಿಂದ ವಾರಂಟಿಗೆ ಯಾವುದೇ ಧಕ್ಕೆಯಾಗುವುದಿಲ್ಲ." ಯಾವುದೇ ಧಕ್ಕೆಯಾಗುವುದಿಲ್ಲ. ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ.

ಅವರು ಹೇಳಿದ ಅಳತೆಯ, ಆರು ಮೂಲೆಯ ನಕ್ಷತ್ರದಂತಹ ತುದಿಯಿರುವ ಬಿಟ್‌ನಿಂದಲೇ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೆ. ಕಿರ್ರೆಂದು ಬಿಟ್ಟುಕೊಂಡಿತು, ಸ್ಕ್ರೂವಿನ ಅಂಚಿನಿಂದ ನೀಲಿ ಬಣ್ಣದ ಒಣ ಅಂಟಿನ ಪುಡಿ ಉದುರಿತು. ಅದು ಸ್ಕ್ರೂ ತಾನಾಗಿ ಸಡಿಲವಾಗದಿರಲಿ ಎಂದು ಅದರ ಸುರುಳಿ ಗೆರೆಗಳಿಗೆ ಹಚ್ಚುವ ಥ್ರೆಡ್‌ಲಾಕರ್. ಅಲಗು ಈಗ ಸರಾಗವಾಗಿ ತೆರೆದುಕೊಂಡಿತು. ಬೆನ್ನನ್ನು ಒತ್ತಿದೆ. ಪಟ್ಟಿ ಮೊದಲಿನ ಹಾಗೆಯೇ ಜಾರಿತು.

ಆಗ ನನಗೆ ಅರ್ಥವಾಯಿತು. ಅವರು ಪಟ್ಟಿಯನ್ನು ಮುಟ್ಟಿರಲಿಲ್ಲ, ಅಲಗಿನ ಬುಡವನ್ನೂ ಮುಟ್ಟಿರಲಿಲ್ಲ. ಸ್ಕ್ರೂವನ್ನು ಸಿಕ್ಕಷ್ಟು ಬಿಗಿದು, ಅಂಟು ಹಚ್ಚಿ, ಮುದ್ರೆ ಒತ್ತಿ ಕಳುಹಿಸಿದ್ದರು, ಅಷ್ಟೇ. ಅಲಗಿನ ಎರಡೂ ಬದಿಯ ವಾಷರ್‌ಗಳು ಹಿಂಡಿಹೋಗುವಷ್ಟು ಬಿಗಿದಾಗ ಮೆಲ್ಲಗೆ ಒತ್ತಿದರೆ ಅಲಗು ಕದಲುವುದೇ ಇಲ್ಲ, ಕದಲದಿದ್ದರೆ ಲಾಕ್‌ಗೆ ಭಾರವೇ ಬೀಳುವುದಿಲ್ಲ, ಭಾರ ಬೀಳದ ಲಾಕ್ ಜಾರುವುದಾದರೂ ಹೇಗೆ? ಚಿಲಕ ಕೆಟ್ಟಿದೆ ಎಂದು ಕರೆಸಿದರೆ ಬಾಗಿಲನ್ನು ಚೌಕಟ್ಟಿಗೇ ಸೇರಿಸಿ ಮೊಳೆ ಹೊಡೆದು ಹೋದಂತೆ. ಇದನ್ನು ದುರಸ್ತಿ ಎಂದು ನಂಬಿ ನಾನು ಧನ್ಯವಾದ ಬೇರೆ ಹೇಳಿದ್ದೆ! ಸ್ಕ್ರೂವಿನ ಬಿಗಿಯನ್ನೇ ನೆಚ್ಚಿಕೊಂಡು ಆ ಚಾಕುವಿನಿಂದ ಯಾರಾದರೂ ಗಟ್ಟಿಯಾದದ್ದೇನನ್ನಾದರೂ ಕತ್ತರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ.

ಮತ್ತೆ ಕಳುಹಿಸಿದೆ, ಮತ್ತೆ ನನ್ನದೇ ಖರ್ಚಿನಲ್ಲಿ. ಈ ಸಲ ಬಹಳ ಕಾಲ ಮೌನ. ಬಳಿಕ ಬಂದದ್ದು ಸ್ಕ್ರೂವಿನ ಹತ್ತಿರದ ಫೋಟೊ, ಅದರ ಮೇಲೊಂದು ಕೆಂಪು ವೃತ್ತ, ಕೆಳಗೆ ಈ ಸಾಲುಗಳು: "ಪರಿಶೀಲನೆಯಲ್ಲಿ ಕೀಲಿನ ಸ್ಕ್ರೂವಿನ ತಲೆಯ ಮೇಲೆ ಉಪಕರಣದ ಗುರುತು ಕಂಡುಬಂದಿದೆ. ಉತ್ಪನ್ನವನ್ನು ಅನಧಿಕೃತವಾಗಿ ಬಿಚ್ಚಲಾಗಿರುವುದರಿಂದ ವಾರಂಟಿ ರದ್ದಾಗಿದೆ. ಲಾಕ್‌ನ ಸ್ಥಿತಿ ಸಹಜ ಬಳಕೆಯ ಸವಕಳಿಯಿಂದ ಉಂಟಾದದ್ದು."

ಓದಿ ಕೆಲಹೊತ್ತು ಏನೂ ತೋಚಲಿಲ್ಲ. ನಂತರ ಫೋನ್ ಮಾಡಿದೆ. ಆ ಕಡೆಯಿದ್ದ ಹುಡುಗ ಎಷ್ಟು ವಿನಯದಿಂದ ಮಾತನಾಡಿದನೆಂದರೆ, ಗದರಿಸಲೂ ಮನಸ್ಸು ಬರಲಿಲ್ಲ; ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

"ಸ್ಕ್ರೂ ಸಡಿಲಿಸಿಕೊಳ್ಳಿ ಎಂದು ನಿಮ್ಮವರೇ ಬರೆದ ಪತ್ರ ನಿಮ್ಮ ಮುಂದಿದೆಯೇ?" ಎಂದೆ.

"ಇದೆ ಸರ್."

"ವಾರಂಟಿಗೆ ಧಕ್ಕೆಯಾಗುವುದಿಲ್ಲ ಎಂದು ಅದರಲ್ಲಿ ಬರೆದಿದೆಯಲ್ಲವೇ?"

"ಬರೆದಿದೆ ಸರ್. ಆದರೆ ಅದು ಗ್ರಾಹಕ ಸೇವಾ ವಿಭಾಗದಿಂದ ಕೊಟ್ಟ ಸಾಮಾನ್ಯ ಮಾಹಿತಿ ಸರ್. ವಾರಂಟಿ ವಿಷಯ ತೀರ್ಮಾನ ಮಾಡುವುದು ತಾಂತ್ರಿಕ ವಿಭಾಗ."

"ಹಾಗಿದ್ದರೆ ತಾಂತ್ರಿಕ ವಿಭಾಗದವರಿಗೆ ಫೋನ್ ಕೊಡಿ."

"ಅವರು ಗ್ರಾಹಕರ ಹತ್ತಿರ ಮಾತನಾಡುವುದಿಲ್ಲ ಸರ್."

ಸ್ವಲ್ಪ ತಡೆದು ಅವನೇ ಸೇರಿಸಿದ, "ನಿಮಗೆ ಬೇಕಿದ್ದರೆ ಹೊಸ ಚಾಕು ಕೊಳ್ಳಲು ರಿಯಾಯಿತಿ ಕೂಪನ್ ಕಳುಹಿಸುತ್ತೇನೆ ಸರ್." ಜಾರುವ ಲಾಕ್ ಕೊಟ್ಟವರಿಂದಲೇ ಇನ್ನೊಂದು ಚಾಕು ಕೊಳ್ಳಬೇಕಂತೆ, ಅದಕ್ಕೆ ಕೂಪನ್ ಬೇರೆ.

ಸವಕಳಿ ಎಂಬ ಅವರ ಮಾತು ನಿಲ್ಲುವುದೇ ಇಲ್ಲ. ಅಲಗಿನ ಉಕ್ಕನ್ನು ಸಾಮಾನ್ಯವಾಗಿ, ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 56ರಿಂದ 62ರವರೆಗೆ ಗಟ್ಟಿಗೊಳಿಸಿರುತ್ತಾರೆ. ಲೈನರ್ ತಗಡು ಅದಕ್ಕಿಂತ ಮೆದು. ಆದ್ದರಿಂದ ವರ್ಷಗಟ್ಟಲೆ ಬಳಸಿದಾಗ ಪಟ್ಟಿಯ ತುದಿ ಸವೆಯುವುದು ನಿಜ. ಆದರೆ ಸವೆದ ಪಟ್ಟಿ ಅಲಗಿನ ಬುಡವನ್ನು ದಾಟಿ ಎದುರು ಬದಿಯ ಕಡೆಗೆ ಹೆಚ್ಚು ಹೆಚ್ಚು ಸರಿಯುತ್ತಾ ಹೋಗುತ್ತದೆ. ನನ್ನ ಚಾಕುವಿನಲ್ಲಿ ಅದು ಈ ಬದಿಯ ಅಂಚನ್ನೇ ಬಿಟ್ಟು ಮುಂದೆ ಹೋಗಿಲ್ಲ, ಕಳುಹಿಸಿದ ವಿಡಿಯೊದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಹೊಸ ಚಾಕುವಿನಲ್ಲಿ, ಸವಕಳಿಗೆ ಪೂರ್ತಿ ವಿರುದ್ಧವಾದ ಲಕ್ಷಣ ತೋರುತ್ತಿರುವಾಗ, ಇದು ಸವಕಳಿ ಎಂದು ಬರೆಯುವವರು ಚಾಕುವನ್ನು ನೋಡಿ ಬರೆದಿದ್ದಾರೆಯೇ ಅಥವಾ ಸಿದ್ಧವಾಗಿಟ್ಟುಕೊಂಡ ವಾಕ್ಯವನ್ನು ಅಂಟಿಸಿದ್ದಾರೆಯೇ? ಇನ್ನು ಸ್ಕ್ರೂವಿನ ತಲೆಯ ಮೇಲಿನ ಗುರುತು ನನ್ನದೇ ಎಂದು ಹೇಗೆ ಹೇಳುತ್ತಾರೆ? ನನಗಿಂತ ಮೊದಲು ಅದನ್ನು ಬಿಗಿದವರು, ಅಂಟು ಹಚ್ಚಿದವರು ಅವರೇ ಅಲ್ಲವೇ? ಇದಕ್ಕೆ ಈವರೆಗೆ ಉತ್ತರವಿಲ್ಲ.

ಚಾಕು ಕಳುಹಿಸುವವರು ಇಷ್ಟನ್ನು ಮಾಡಿ. ಕಳುಹಿಸುವ ಮುನ್ನ ಲಾಕ್ ಎಲ್ಲಿ ನಿಲ್ಲುತ್ತದೆ ಎಂಬುದರ ಜೊತೆಗೆ ಪ್ರತಿಯೊಂದು ಸ್ಕ್ರೂವಿನ ತಲೆಯ ಫೋಟೊವನ್ನೂ ತೆಗೆದಿಡಿ. ಹಿಂತಿರುಗಿದ ಪೊಟ್ಟಣವನ್ನು ತೆರೆಯುವಾಗಲೂ ವಿಡಿಯೊ ಮಾಡಿ, ಸ್ಕ್ರೂಗಳನ್ನು ಮತ್ತೆ ಹತ್ತಿರದಿಂದ ತೋರಿಸಿ. ಯಾವ ಭಾಗವನ್ನು ಬದಲಾಯಿಸಿದರು ಅಥವಾ ತಿದ್ದಿದರು ಎಂಬುದನ್ನು ಬರೆದುಕೊಡುವಂತೆ ಕೇಳಿ. "ಸರಿಪಡಿಸಲಾಗಿದೆ" ಎಂಬ ಮುದ್ರೆಗೆ ಮರುಳಾಗಬೇಡಿ. ಅಲಗು ಅತಿಯಾಗಿ ಬಿಗಿಯಾಗಿ ಬಂದಿದ್ದರೆ ನನ್ನ ಕಥೆಯೇ ನಿಮ್ಮದೂ ಆಗಿರಬಹುದು, ಹಾಗೆಯೇ ವಾಪಸ್ ಕಳುಹಿಸಿ. ಚಾಕುವಿನ ಬೆನ್ನನ್ನು ಮೇಜಿಗೆ ಬಡಿದು ಲಾಕ್ ಪರೀಕ್ಷಿಸುವವರಿದ್ದಾರೆ, ಅದನ್ನು ಮಾಡಲೇಬೇಡಿ. ಬೆರಳಿಗೆ ಅಪಾಯ ಎಂಬುದೊಂದು, ಅಲಗಿನ ಮೇಲೆ ಒಂದು ಗೀರು ಕಂಡರೆ ಸಾಕು, ದುರ್ಬಳಕೆ ಎಂದು ಬರೆಯಲು ಇಂಥವರು ಕಾದಿರುತ್ತಾರೆ ಎಂಬುದು ಇನ್ನೊಂದು. ಮತ್ತು ನಕ್ಷತ್ರ ಕೊಡಲು ಅವಸರ ಮಾಡಬೇಡಿ. ನಾನು ಕೊಟ್ಟ ಐದನ್ನು ಹಿಂತೆಗೆದುಕೊಳ್ಳಲು ಹೋದರೆ, ಒಮ್ಮೆ ಸಲ್ಲಿಸಿದ ಅಭಿಪ್ರಾಯವನ್ನು ಬದಲಿಸಲಾಗದು ಎಂದು ಬರುತ್ತಿದೆ.

ಚಾಕು ಈಗ ನನ್ನ ಬಳಿಯೇ ಇದೆ, ಬಳಸುತ್ತಿಲ್ಲ. ಅವರ ಕಡತದಲ್ಲಿ ದೂರನ್ನು "ಮುಕ್ತಾಯಗೊಳಿಸಲಾಗಿದೆ" ಎಂದು ಗುರುತು ಮಾಡಿದ್ದರು. ಅವರದೇ ಪತ್ರದ ಪ್ರತಿ, ಮೊದಲು ಕಳುಹಿಸಿದ ವಿಡಿಯೊ ಮತ್ತು ನೀಲಿ ಅಂಟಿನ ಫೋಟೊವನ್ನು ಲಗತ್ತಿಸಿ, ಮೇಲಧಿಕಾರಿಗಳ ಹೆಸರಿಗೆ ಬರೆದು ಅದನ್ನು ಮತ್ತೆ ತೆರೆಸಿದ್ದೇನೆ. ಹಣ ಪೂರ್ತಿ ವಾಪಸ್ ಬೇಕೆಂದು ಕೇಳಿದ್ದೇನೆ, ಕೂಪನ್ ಬೇಡವೆಂದೂ ಬರೆದಿದ್ದೇನೆ. "ತಮ್ಮ ದೂರು ಸಂಬಂಧಪಟ್ಟ ವಿಭಾಗದ ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿದೆ. ಯಾವ ವಿಭಾಗ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಬಂದರೆ ಇಲ್ಲಿಯೇ ಸೇರಿಸುತ್ತೇನೆ.