ಟೆಲಿ ಮಾನಸ್ 14416: ನನ್ನ ಎದೆಯುರಿಯ ಮೂಲ ಕೇಳಿದ ನಂಬರ್

ಗಂಡನ ಮನೆ ಬಿಟ್ಟು ಸಾಗರದ ಹತ್ತಿರದ ತವರಿಗೆ ಬಂದ ಮೇಲೆ ನನ್ನ ಆರೋಗ್ಯ ಸರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹೊಡೆಯುವವರಿಲ್ಲ, ಬೈಯುವವರಿಲ್ಲ. ಆದರೆ ಎದೆಯುರಿ ಜಾಸ್ತಿಯಾಯಿತು. ರಾತ್ರಿಯೆಲ್ಲ ಹಲ್ಲು ಕಡಿದು ಬೆಳಿಗ್ಗೆ ದವಡೆ ನೋವು. ಮುಟ್ಟು ಏರುಪೇರು. ಇಸಿಜಿ, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಒಬ್ಬ ಡಾಕ್ಟರ್ "ಟೆನ್ಷನ್ ಮಾಡ್ಕೋಬೇಡಮ್ಮ" ಅಂದು ಗ್ಯಾಸ್ಟ್ರಿಕ್ ಮಾತ್ರೆ ಬರೆದರು. ಟೆನ್ಷನ್ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ಕೇಳಿದ್ದು 14416ರಲ್ಲಿ. ನಂಬರ್ ಕೊಟ್ಟವರು ನಮ್ಮೂರಿನ ಆಶಾ ಕಾರ್ಯಕರ್ತೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ಹೆಸರು ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಎರಡೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಆ ಕಡೆಯಿದ್ದ ಹೆಣ್ಣುಮಗಳು ಕೇಳಿದ್ದು, "ದಿನದಲ್ಲಿ ಯಾವ ಹೊತ್ತಿಗೆ ಜಾಸ್ತಿ ಆಗುತ್ತೆ ಅಕ್ಕಾ?"

"ದೀಪ ಹಚ್ಚೋ ಹೊತ್ತಿಗೆ" ಅಂದೆ.

"ಆ ಮನೇಲಿ ಆ ಹೊತ್ತಿಗೆ ಏನಾಗ್ತಿತ್ತು?"

ಗಂಡ ಮನೆಗೆ ಬರುವ ಹೊತ್ತದು. ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅವತ್ತಿನ ರಾತ್ರಿ ಹೇಗಿರುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು. ಅನ್ನ ಬಸಿಯುತ್ತಾ ಕಿವಿ ಅಲ್ಲೇ ಇಟ್ಟಿರುತ್ತಿದ್ದೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ, ಫೋನಿನಲ್ಲಿ ಹೇಳಿದೆ.

ಫೋನಿನಲ್ಲಿದ್ದ ಆ ಹೆಣ್ಣುಮಗಳು ಬಿಡಿಸಿ ಹೇಳಿದರು. ಭಯವಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಜೀರ್ಣ ನಿಧಾನವಾಗುತ್ತದೆ. ಅಪಾಯ ದಾಟಿದರೆ ಇಳಿಯಬೇಕು. ವರ್ಷಗಟ್ಟಲೆ ದಿನಾ ಭಯದಲ್ಲೇ ಇದ್ದರೆ ಮೈ ಇಳಿಯುವುದನ್ನೇ ಮರೆಯುತ್ತದೆ. ಮನೆ ಬದಲಾದರೂ ಸಂಜೆಯಾದರೆ ಮತ್ತೆ ತಯಾರಾಗುತ್ತದೆ. ನಿದ್ದೆ, ಹೊಟ್ಟೆ, ತಲೆನೋವು ಎಲ್ಲಕ್ಕೂ ಇದು ತಟ್ಟಬಹುದು. ಸಂಗಾತಿಯಿಂದ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಖಿನ್ನತೆ ಹೆಚ್ಚುಕಡಿಮೆ ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನಮ್ಮಲ್ಲಿ ಮಾತ್ರ ಇದು "ಹೆಂಗಸರ ಗ್ಯಾಸ್ಟ್ರಿಕ್" ಆಗಿಯೇ ಉಳಿದಿದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಆ ಹೊತ್ತಿಗೆ ಒಲೆಯ ಮುಂದೆ ಒಬ್ಬಳೇ ಇರಬೇಡಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ ಅಂದರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಲೂ ಹೇಳಿದರು. ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ಕೆಲಸ ಮಾಡಿದ ಊರು ಶಿವಮೊಗ್ಗ, ಆದರೂ ಆ ಬಾಗಿಲಿಗೆ ಹೋಗಲು ನಮ್ಮ ಕಡೆಯವರಿಗೆ ಇನ್ನೂ ಹಿಂಜರಿಕೆ. ನಾನು ಹೋಗುತ್ತಿದ್ದೇನೆ. ನಿದ್ದೆ ಬರುತ್ತಿದೆ. ದವಡೆ ನೋವು ಕಡಿಮೆ. ಎದೆಯುರಿ ಪೂರ್ತಿ ಹೋಗಿಲ್ಲ.

ಫೋನಿಗೆ ಅದರದ್ದೇ ಮಿತಿ ಇದೆ. ದೀರ್ಘ ಚಿಕಿತ್ಸೆಗೆ ಎದುರಿಗೆ ಕೂತು ಮಾತಾಡಲೇಬೇಕು. ನಮ್ಮಂಥ ಮನೆಗಳಲ್ಲಿ ಗುಟ್ಟಾಗಿ ಮಾತಾಡಲು ಜಾಗವೇ ಇರುವುದಿಲ್ಲ. ತೋಟಕ್ಕಿಳಿದರೆ ಸಿಗ್ನಲ್ ಹೋಗುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ನಾನು ಗುಡ್ಡದ ಮೇಲಿನ ಬಸ್ ಸ್ಟಾಪಿಗೆ ಹೋಗಿ ಮಾತಾಡುತ್ತಿದ್ದೆ.

ಎದೆನೋವಿದ್ದರೆ ಮೊದಲು ಇಸಿಜಿ ಮಾಡಿಸಿ, ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಈಗಲೂ ಹೊಡೆತ ನಡೆಯುತ್ತಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಮಾಡಿ. ಆ ಮನೆಯಿಂದ ಹೊರಗೆ ಬಂದೂ ಮೈ ಸುಧಾರಿಸದವರು 14416ಕ್ಕೆ ಮಾಡಿ. ಯಾವ ಹೊತ್ತಿಗೆ ಏನಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹೇಳಲು ಸುಲಭ.